ಖಾಲಿ ಬಟ್ಲು ಎತ್ತಬ್ಯಾಡ್ರಿ

ಈ ಸಲ ರೊಟ್ಟಿ, ಚಟ್ನಿ, ಉಪ್ಪಿನಕಾಯಿ ವಿಷಯ ಅಲ್ಲ, ಲೆಕ್ಕದ ವಿಷಯ. ಲೆಕ್ಕ ಅಂದ ಕೂಡ್ಲೇ ಓದೋದು ಬಿಟ್ಟು ಏಳಬ್ಯಾಡ್ರಿ. ಮನ್ಯಾಗೆ ಎರಡನೇ ಕ್ಲಾಸಿಂದ ಐದನೇ ಕ್ಲಾಸಿನವರೆಗೆ ಓದೋ ಮಕ್ಕಳಿದ್ರೆ ಇದು ನಿಮಗೇ ಬರೆದಿದ್ದು. ಮಕ್ಕಳು ದೊಡ್ಡೋರಾಗಿದ್ರೆ ಮೊಮ್ಮಕ್ಕಳಿಗೆ ಆಗ್ತೈತೆ.

ನಿಮಗೆ ಗೊತ್ತಿರೋ ಹಂಗೆ ನಮ್ಮ ಆನೆಕೊಂಡದ ಮನೆ ಕಟ್ಟೆ ಮ್ಯಾಲೆ ಸಂಜೆ ಓಣಿ ಹುಡುಗ್ರು ಆರೇಳು ಜನ ಪುಸ್ತಕ ಹಿಡ್ಕಂಡು ಬಂದು ಕುಂದ್ರುತಾವೆ. ಒಂದಿಷ್ಟು ಜನ ಸರ್ಕಾರಿ ಶಾಲೆಯವು, ಒಂದಿಷ್ಟು ಜನ ಇಂಗ್ಲಿಷ್ ಮೀಡಿಯಮ್ಮಿನವು. ಯಾವ ಶಾಲೆಯವರಾದ್ರೂ ಎಡವೋ ಕಲ್ಲು ಮಾತ್ರ ಒಂದೇ. ಪುಸ್ತಕದಾಗೆ ಅದಕ್ಕೆ ಸ್ಥಾನಬೆಲೆ ಅಂತ ಹೆಸರು. ಕೂಡೋದು ಬರ್ತೈತೆ, ಕಳೆಯೋದು ಬರ್ತೈತೆ, ಮಗ್ಗಿ ಗಡಗಡ ಹೇಳ್ತಾವೆ. ಆದ್ರೆ "ಒಂದು ಸಾವಿರದ ಐದು ಬರಿ" ಅಂದ್ರೆ 10005 ಅಂತ ಬರೀತಾವೆ. "ನೂರಾ ಇಪ್ಪತ್ತು" ಅಂದ್ರೆ 10020.

ಇದನ್ನ ನೋಡಿ ತಾಯಂದಿರು "ತಲ್ಯಾಗೆ ಏನೂ ಇಲ್ಲ ಇದಕ್ಕೆ" ಅಂತ ಬೈತಾರೆ. ಬೈಬ್ಯಾಡ್ರಿ. ಆ ಕೂಸು ಕಿವಿಗೆ ಕೇಳಿದ್ದನ್ನ ಕೇಳಿದ ಹಂಗೇ ಬರೆದೈತೆ. ಒಂದು ಸಾವಿರ ಅಂದ್ರಿ, 1000 ಬರೀತು. ಐದು ಅಂದ್ರಿ, ಪಕ್ಕದಾಗೆ 5 ಇಟ್ಟಿತು. ನಾವು ಬಾಯಿಲೆ ಹೇಳುವಾಗ "ಒಂದು ಸಾವಿರ, ನೂರು ಇಲ್ಲ, ಹತ್ತು ಇಲ್ಲ, ಐದು" ಅಂತ ಹೇಳ್ತೀವೇನು? ಇಲ್ಲ. ಏನೂ ಇಲ್ಲದ ಜಾಗಾನ ಮಾತಿನಾಗೆ ಹಾರಿಸಿ ಹೋಗ್ತೀವಿ. ಕಾಗದದ ಮ್ಯಾಲೆ ಹಂಗೆ ಹಾರಂಗಿಲ್ಲ. ಅಲ್ಲಿ ಖಾಲಿ ಜಾಗಾನೂ ಕಾಯಬೇಕು. ಕಾಯೋಕೆ ಕೂರಿಸಿದ ಆಳೇ ಸೊನ್ನೆ.

ಮಾತಿನಾಗೆ ಸೊನ್ನೆ ಇಲ್ಲ, ಬರವಣಿಗೆಯಾಗೆ ಐತೆ. ಇದೊಂದು ತಿಳಿದ್ರೆ ಅರ್ಧ ಪಾಠ ಮುಗೀತು.

ಫೋನ್ ನಂಬರ್ ಹೇಳುವಾಗ ನೋಡ್ರಿ. ಅಲ್ಲಿ "ಒಂಬತ್ತು, ಎಂಟು, ಸೊನ್ನೆ, ಸೊನ್ನೆ" ಅಂತ ಸೊನ್ನೇನೂ ಬಾಯಿ ತುಂಬ ಹೇಳ್ತೀವಿ. ಯಾಕಂದ್ರೆ ಫೋನ್ ನಂಬರು ಎಣಿಕೆ ಅಲ್ಲ, ಅದೊಂದು ಗುರುತು. "ನಿಮ್ಮ ನಂಬರ್ ದೊಡ್ಡದೋ ನಮ್ಮ ನಂಬರ್ ದೊಡ್ಡದೋ" ಅಂತ ಯಾರೂ ಜಗಳ ಆಡಲ್ಲ. ದುಡ್ಡು, ತೂಕ, ಜನಸಂಖ್ಯೆ ಹಂಗಲ್ಲ. ಅಲ್ಲಿ ಪ್ರತಿ ಅಂಕಿಗೂ ಕುಂತಿರೋ ಜಾಗದ ಮ್ಯಾಲೆ ಬೆಲೆ.

ಹೇಳಿಕೊಡೋದು ಹೆಂಗೆ? ನಾನು ಮೂರು ಮೆಟ್ಟಿಲು ಮಾಡ್ಕಂಡಿದೀನಿ. ಖರ್ಚು ಏನೂ ಇಲ್ಲ. ಹುಣಸೆಬೀಜ ಒಂದು ಸೇರು, ಹಳೇ ಪೇಪರು, ನಾಲ್ಕು ಬಟ್ಲು.

ಮೊದಲ ಮೆಟ್ಟಿಲು, ಪೊಟ್ಟಣ. ಹತ್ತು ಹುಣಸೆಬೀಜ ಎಣಿಸಿ ಪೇಪರಿನಾಗೆ ಪೊಟ್ಟಣ ಕಟ್ಟಿಸ್ರಿ. ಅಂಥ ಹತ್ತು ಪೊಟ್ಟಣ ಒಂದು ಡಬ್ಬಿಗೆ. ಡಬ್ಬಿ ಅಂದ್ರೆ ನೂರು. ಕಟ್ಟೋ ಕೆಲಸ ಮಕ್ಕಳೇ ಮಾಡ್ಬೇಕು, ನೀವು ಕಟ್ಟಿಕೊಟ್ರೆ ಉಪಯೋಗ ಇಲ್ಲ. ಅನುಮಾನ ಬಂದಾಗ ಬಿಚ್ಚಿ ಎಣಿಸ್ಲಿ. ಇಲ್ಲಿ ಹತ್ತು ಅನ್ನೋದು ಕಣ್ಣಿಗೆ ಕಾಣ್ತೈತೆ, ಕೈಗೆ ಸಿಗ್ತೈತೆ.

ಎರಡನೇ ಮೆಟ್ಟಿಲು, ನೋಟು. ಒಂದು, ಹತ್ತು, ನೂರು ಅಂತ ಕಾಗದದ ಆಟದ ನೋಟು ಮಾಡ್ಕಳ್ರಿ. ಹತ್ತರ ನೋಟಿನೊಳಗೆ ಹತ್ತು ಬೀಜ ಕಾಣಲ್ಲ, ಆದ್ರೆ ಹತ್ತು ಅಂತ ಬರೆದೈತೆ, ನಂಬ್ತೀವಿ. ಹತ್ತು ಒಂದರ ನೋಟು ಕೊಟ್ಟು ಒಂದು ಹತ್ತರ ನೋಟು ತಗೋಳೋ ಆಟ ಆಡಿಸ್ರಿ. ಖರೇ ನೋಟು ಕೈಗೆ ಸಿಕ್ರೆ ಹಿಂದುಗಡೆ ಇರೋ ಭಾಷೆಗಳ ಪಟ್ಟಿ ತೋರಿಸ್ರಿ, ಮೇಲಿಂದ ನಾಲ್ಕನೇದು ನಮ್ಮ ಕನ್ನಡ. ಹುಡುಗ್ರು ಹುಡುಕಿ ಓದಿ ಕುಣೀತಾವೆ.

ಭಾಳ ಜನ ಇಲ್ಲಿಗೇ ನಿಲ್ಲಿಸ್ತಾರೆ. ನೋಟು ಬಂತು ಅಂದ್ರೆ ಸ್ಥಾನಬೆಲೆ ಬಂತು ಅಂದ್ಕಂತಾರೆ. ಬಂದಿಲ್ಲ. ನೂರರ ನೋಟು ಸೆರಗಿನ ಗಂಟಿನಾಗೆ ಇದ್ರೂ ನೂರೇ, ಅಕ್ಕಿ ಡಬ್ಬಿಯಾಗೆ ಇದ್ರೂ ನೂರೇ. ಅದರ ಬೆಲೆ ಅದರ ಮೈಮೇಲೆ ಐತೆ. ಆದ್ರೆ 3 ಅನ್ನೋ ಅಂಕಿ ಮೈಮೇಲೆ ಮೂರು ಮಾತ್ರ. ಅದು ಮುಖಬೆಲೆ. ಮೂವತ್ತೋ ಮುನ್ನೂರೋ ಅನ್ನೋದು ಅದು ಕುಂತ ಜಾಗ ಹೇಳ್ತೈತೆ. ಅದು ಸ್ಥಾನಬೆಲೆ.

ಅದ್ಕೆ ಮೂರನೇ ಮೆಟ್ಟಿಲು, ಬಟ್ಲು. ನಾಲ್ಕು ಬಟ್ಲು ಸಾಲಾಗಿ ಇಡ್ರಿ. ಮಗುವಿನ ಬಲಗೈ ಕಡೆಯಿಂದ ಬಿಡಿ, ಹತ್ತು, ನೂರು, ಸಾವಿರ. ಈಗ ಪೊಟ್ಟಣನೂ ಇಲ್ಲ, ನೋಟೂ ಇಲ್ಲ. ಎಲ್ಲಾ ಬಟ್ಲಿಗೂ ಅದೇ ಹುಣಸೆಬೀಜ. ಬಿಡಿ ಬಟ್ಲಿನಾಗೆ ಹಾಕಿದ್ರೆ ಒಂದು ಬೀಜ ಒಂದು, ನೂರರ ಬಟ್ಲಿಗೆ ಹಾಕಿದ್ರೆ ಅದೇ ಬೀಜ ನೂರು. ಕಾನೂನು ಒಂದೇ: ಯಾವ ಬಟ್ಲಿನಾಗೂ ಒಂಬತ್ತಕ್ಕಿಂತ ಹೆಚ್ಚು ಬೀಜ ಇರಂಗಿಲ್ಲ. ಹತ್ತನೇದು ಬಂತು ಅಂದ್ರೆ ಹತ್ತೂ ಖಾಲಿ ಮಾಡಿ, ಎಡಗಡೆ ಬಟ್ಲಿಗೆ ಒಂದು ಬೀಜ.

ಈಗ 305 ಇಡು ಅನ್ರಿ. ನೂರರಾಗೆ ಮೂರು, ಬಿಡಿಯಾಗೆ ಐದು. ನಡುವಿನ ಬಟ್ಲು ಖಾಲಿ. ಹತ್ತರಾಗೆ ಎಂಟು ಮಕ್ಕಳು ಆ ಖಾಲಿ ಬಟ್ಲು ಎತ್ತಿ ಪಕ್ಕಕ್ಕೆ ಇಡ್ತಾವೆ, "ಇದ್ರಾಗೆ ಏನೂ ಇಲ್ಲಲ್ಲ ಆಂಟಿ" ಅಂತ. ಆಗ ಉಳಿದಿದ್ದು ಓದಿಸ್ರಿ. ಮೂವತ್ತೈದು! ಮುನ್ನೂರೈದು ರೂಪಾಯಿ ಸಾಲ ಕೊಟ್ಟೋರು ಮೂವತ್ತೈದು ವಾಪಸ್ ತಗೋತೀರೇನು ಅಂತ ಕೇಳ್ರಿ. ಅವತ್ತಿಂದ ಖಾಲಿ ಬಟ್ಲು ಯಾರೂ ಎತ್ತಲ್ಲ.

ಇಷ್ಟೆಲ್ಲ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಇದು ಮಾರ್ಕ್ಸಿನ ಮಾತು ಅಷ್ಟೇ ಅಲ್ಲ. ನಮ್ಮ ಓಣಿಯಾಗೆ ಒಬ್ಬ ಅಕ್ಕ ಅದಾರೆ. ಶಾಲೆ ಕಟ್ಟೆ ಹತ್ತಿದೋರಲ್ಲ. ಊರ ಹೊರಗೆ ಎರಡು ಎಕರೆ ಹೊಲ, ನಮ್ಮ ಕಡೆ ಎಲ್ಲಾರ ಹಂಗೆ ಮೆಕ್ಕೆಜೋಳ ಹಾಕ್ತಾರೆ. ಮಗಳು ಐದನೇ ಕ್ಲಾಸು. ಮನ್ಯಾಗೆ ಏನೇ ಕಾಗದ ಬಂದ್ರೂ ಓದೋಳು ಆ ಹುಡುಗಿನೇ. ಒಂದು ಸಲ ಮಾಲು ತೂಕ ಮಾಡಿಸಿದ ಚೀಟಿ ಬಂತು. ನಿವ್ವಳ ತೂಕ 4,080 ಕೆಜಿ ಅಂತ ಅಚ್ಚಾಗಿತ್ತು. ಹುಡುಗಿ "ನಾಲ್ಕು ಸಾವಿರದ ಎಂಟುನೂರು" ಅಂತ ಓದಿದ್ಲು. ಅಪ್ಪಗೆ ಖುಷಿ ಆಗಿ, ಗೊಬ್ಬರದ ಅಂಗಡಿಗೆ ಫೋನ್ ಮಾಡಿ ಬಾಕಿ ಪೂರ್ತಿ ಚುಕ್ತಾ ಮಾಡ್ತೀನಿ ಅಂದುಬಿಟ್ರು.

ಅಕ್ಕ ಮಾತ್ರ ಒಪ್ಪಲಿಲ್ಲ. "ಏನವ್ವ ನೀ ಓದಿದ್ದು? ಹತ್ತು ಚೀಲಕ್ಕೆ ಆರು ಕ್ವಿಂಟಲ್. ನಲವತ್ತೆಂಟು ಕ್ವಿಂಟಲ್ ಆಗಬೇಕಂದ್ರೆ ಎಂಬತ್ತು ಚೀಲ ಇರಬೇಕು. ನಾನು ಬಾಯಿ ಹೊಲಿದಿದ್ದು ಅರವತ್ತೆಂಟು" ಅಂದ್ರು. ಚೀಲಕ್ಕೆ ಅರವತ್ತು ಕೆಜಿ ಅಂದ್ರೆ ಅರವತ್ತೆಂಟು ಚೀಲಕ್ಕೆ ಸರಿಯಾಗಿ 4,080. ಚೀಟಿ ಸರಿ ಇತ್ತು, ತೂಕ ಸರಿ ಇತ್ತು. ಓದಿದ್ದರಾಗೆ ಮಾತ್ರ 720 ಕೆಜಿ ಹೆಚ್ಚಾಗಿತ್ತು. ಕ್ವಿಂಟಲ್‌ಗೆ 2,000 ರೂಪಾಯಿ ಅಂತ ಹಿಡಿದ್ರೂ 14,400 ರೂಪಾಯಿ. ಇಲ್ಲದ ದುಡ್ಡಿಗೆ ಮಾತು ಕೊಟ್ಟಾಗಿತ್ತು.

ಹುಡುಗಿ ಮುಖ ಸಣ್ಣ ಮಾಡ್ಕಂಡು ಬಂದ್ಲು. ನಾನು ಏನೂ ಹೇಳಲಿಲ್ಲ, ಬಟ್ಲು ಕೊಟ್ಟೆ. ಸಾವಿರದಾಗೆ ನಾಲ್ಕು, ನೂರು ಖಾಲಿ, ಹತ್ತರಾಗೆ ಎಂಟು, ಬಿಡಿ ಖಾಲಿ. ಇಟ್ಟು ನೋಡಿದ್ಲು, ತಾನೇ ಮೆಲ್ಲಗೆ "ನಾಲ್ಕು ಸಾವಿರದ ಎಂಬತ್ತು" ಅಂದ್ಲು. ಹಿಂದೆ ನಿಂತಿದ್ದ ಅವರವ್ವ "ನನಗೂ ಒಂದು ಸಲ ಇಟ್ಟು ತೋರ್ಸವ್ವ" ಅಂತ ಕುಂತ್ರು. ಆವಮ್ಮಗೆ ಹತ್ತತ್ತರ ಗುಂಪಿನ ಲೆಕ್ಕ ತಲ್ಯಾಗೇ ಇತ್ತು, ಅಂಕಿ ಗುರುತು ಮಾತ್ರ ಬೇಕಾಗಿತ್ತು. ಒಂದು ವಾರದಾಗೆ ಸಾವಿರದವರೆಗೆ ಓದೋದು ಕಲ್ತರು. ಈಗ ಚೀಟಿ ಬಂದ್ರೆ ಅವ್ವ ಮೊದಲು ಓದಿ ಆಮೇಲೆ ಮಗಳ ಕೈಗೆ ಕೊಡ್ತಾರೆ.

ಇಲ್ಲೇ ಇನ್ನೊಂದು ವಿಷಯ. ಬ್ಯಾಂಕಿನ ಚೀಟಿ, ಚೆಕ್ಕು ಎಲ್ಲಾದ್ರಾಗೂ ಮೊತ್ತಾನ ಅಂಕಿಯಾಗೂ ಅಕ್ಷರದಾಗೂ ಬರೆಸ್ತಾರಲ್ಲ, ಯಾಕೆ ಅಂತ ಯೋಚನೆ ಮಾಡಿದೀರಾ? ಅಂಕಿಗೆ ಒಂದು ಸೊನ್ನೆ ಸೇರಿಸೋದು ಸುಲಭ. ಅಕ್ಷರದಾಗೆ ಸೊನ್ನೇನೇ ಇಲ್ಲ, ಸೇರಿಸೋದು ಹೆಂಗೆ? ಚೆಕ್ಕಿನಾಗೆ ಅಂಕಿ ಒಂದು, ಅಕ್ಷರ ಒಂದು ಇದ್ರೆ ಅಕ್ಷರದಾಗೆ ಇರೋದೇ ಮೊತ್ತ ಅಂತ 1881ರ ಕಾಯ್ದೆಯಾಗೇ ಬರೆದೈತೆ. ಸಂಘದ ಸಾಲದ ಕಾಗದಕ್ಕೆ ಸಹಿ ಹಾಕೋಕ್ಕಿಂತ ಮುಂಚೆ ಎರಡನ್ನೂ ಮಗುವಿನ ಕೈಲಿ ಜೋರಾಗಿ ಓದಿಸ್ರಿ. ಮಗುವಿಗೂ ಪಾಠ, ನಿಮಗೂ ಧೈರ್ಯ.

ಭಾಷೆ ವಿಷಯಾನೂ ಹೇಳ್ಬೇಕು. ನಮ್ಮ ಕನ್ನಡದಾಗೆ ಇಪ್ಪತ್ತರ ಮೇಲೆ ಎಣಿಕೆ ಭಾಳ ಸರಳ. ಇಪ್ಪತ್ತೊಂದು, ಮೂವತ್ತೈದು: ಮೊದಲು ಹತ್ತು, ಆಮೇಲೆ ಬಿಡಿ, ಬರೆಯೋ ಸಾಲಿನಾಗೇ ಹೇಳೋದು. ಓಣಿಯಾಗೆ ಉರ್ದು ಮಾತಾಡೋ ಮನೆ ಮಕ್ಕಳು 29ಕ್ಕೆ ಉಂತೀಸ್ ಅಂತಾವೆ, ಅಂದ್ರೆ ಮೂವತ್ತಕ್ಕೆ ಒಂದು ಕಮ್ಮಿ. ಕಿವಿಗೆ ಮೂವತ್ತು ಬೀಳ್ತೈತೆ, ಕೈ 39 ಬರೀತೈತೆ. ಇಂಗ್ಲಿಷ್ ಮೀಡಿಯಮ್ಮಿನವು ಫೋರ್ಟೀನ್, ಫಾರ್ಟಿ ಎರಡರಾಗೂ ಎಡವ್ತಾವೆ. ಅಂಥ ಮಕ್ಕಳಿಗೆ ನಾನು "ಎರಡು ಹತ್ತು, ಒಂಬತ್ತು ಬಿಡಿ" ಅಂತ ಬಟ್ಲಿನ ಭಾಷೆಯಾಗೆ ಹೇಳಿಸ್ತೀನಿ. ಆಮೇಲೆ ಅವರವರ ಮನೆ ಮಾತಿನಾಗೆ ಹೇಳ್ಲಿ. ನಮ್ಮ ಕನ್ನಡದಾಗೂ ಒಂದು ಮುಳ್ಳು ಐತೆ: ತೊಂಬತ್ತು, ಒಂಬೈನೂರು. ಎರಡೂ 9ರ ಮನೆಯವೇ ಆದ್ರೂ ಕೇಳೋಕೆ ಬೇರೆ ಬೇರೆ. ಅದನ್ನ ಬಿಡಿಸಿ ಹೇಳಿಕೊಡ್ಬೇಕು.

ಈಗ ದೊಡ್ಡ ಸಂಖ್ಯೆ. ನಾಲ್ಕು, ಐದನೇ ಕ್ಲಾಸಿಗೆ ಬಂದ ಮ್ಯಾಲೆ ಏರಿಕೆ ಕ್ರಮ, ಇಳಿಕೆ ಕ್ರಮ ಅಂತ ಶುರು ಆಗ್ತೈತೆ. ಪುಸ್ತಕದಾಗಿನ ಅಂಕಿಗಳು ಯಾರವೋ ಏನೋ, ಮಕ್ಕಳಿಗೆ ಬೇಜಾರು. ಅದ್ಕೆ ನಾನು ನಮ್ಮ ಸುತ್ತಲಿನ ಜಿಲ್ಲೆಗಳ ಜನಸಂಖ್ಯೆ ಕೊಡ್ತೀನಿ. 2011ರ ಜನಗಣತಿ ಪ್ರಕಾರ ದಾವಣಗೆರೆ 19,45,497. ಚಿತ್ರದುರ್ಗ 16,59,456. ಶಿವಮೊಗ್ಗ 17,52,753. ಹಾವೇರಿ 15,97,668. ಬಳ್ಳಾರಿ 24,52,595. ಜೊತೆಗೆ ಬೇಕಂತಲೇ ಕೊಡಗು ಸೇರಿಸ್ತೀನಿ, 5,54,519. ಆಗ ಹರಪನಹಳ್ಳಿ ಇನ್ನೂ ನಮ್ಮ ಜಿಲ್ಲೆಯಾಗೇ ಇತ್ತು, 2018ರಾಗೆ ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ ಜಿಲ್ಲೆಯಾಗೆ ಐತೆ. ಹರಪನಹಳ್ಳಿ ಕಡೆ ನೆಂಟರಿರೋರು ನಗಬಹುದು.

ಸಣ್ಣದರಿಂದ ದೊಡ್ಡದಕ್ಕೆ ಜೋಡಿಸ್ರಿ ಅಂದ್ರೆ ಎರಡು ಥರ ತಪ್ಪು ಬರ್ತಾವೆ. ಒಂದು, ಕೊಡಗು ಎಲ್ಲಾರಿಗಿಂತ ದೊಡ್ಡದು ಅನ್ನೋದು. ಯಾಕಪ್ಪ ಅಂದ್ರೆ "ಅದು 5ರಿಂದ ಶುರು ಆಗೈತೆ, ಬೇರೇವೆಲ್ಲ 1, 2ರಿಂದ" ಅಂತಾವೆ. ಅದಕ್ಕೆ ಮೊದಲ ನಿಯಮ: ಅಂಕಿ ನೋಡೋಕ್ಕಿಂತ ಮುಂಚೆ ಮನೆ ಎಣಿಸು. ಕೊಡಗಿಗೆ ಆರು ಮನೆ, ಬೇರೆಯವಕ್ಕೆ ಏಳು. ಮನೆ ಕಮ್ಮಿ ಇದ್ರೆ ಸಂಖ್ಯೆ ಸಣ್ಣದು, ಮುಗೀತು.

ಎರಡನೇದು ಸ್ವಲ್ಪ ಸೂಕ್ಷ್ಮ. ಚಿತ್ರದುರ್ಗ, ಶಿವಮೊಗ್ಗ ಎರಡರಾಗೆ ಚಿತ್ರದುರ್ಗ ದೊಡ್ಡದು ಅಂತಾವೆ, ಕೊನೇಗೆ 6 ಐತೆ, ಶಿವಮೊಗ್ಗದ ಕೊನೇಗೆ 3 ಐತೆ ಅಂತ. ಇದು ಎಲ್ಲಿಂದ ಬಂತು? ನಾವೇ ಹೇಳಿಕೊಟ್ಟಿದ್ದು! ಕೂಡೋ ಲೆಕ್ಕ, ಕಳೆಯೋ ಲೆಕ್ಕ ಎಲ್ಲಾ "ಬಿಡಿಯಿಂದ ಶುರು ಮಾಡು, ಬಲಗಡೆಯಿಂದ ಬಾ" ಅಂತ ಎರಡು ವರ್ಷ ತಿದ್ದಿಸಿದೀವಿ. ಮಗು ಹೋಲಿಸುವಾಗಲೂ ಬಲಗಡೆಯಿಂದಲೇ ಬರ್ತೈತೆ. ಬಾಯಿಬಿಟ್ಟು ಹೇಳಬೇಕು: ಕೂಡುವಾಗ ಬಲಗಡೆಯಿಂದ, ಹೋಲಿಸುವಾಗ ಎಡಗಡೆಯಿಂದ. ಎರಡೂ 1ರಿಂದ ಶುರು, ಸಮ. ಮುಂದಿನ ಮನೆ, ಒಂದರಾಗೆ 6, ಇನ್ನೊಂದರಾಗೆ 7. ಅಲ್ಲಿಗೇ ತೀರ್ಮಾನ. ಮುಂದಕ್ಕೆ ನೋಡೋದೇ ಬ್ಯಾಡ.

"ಯಾಕೆ ನೋಡೋದು ಬ್ಯಾಡ?" ಅಂತ ಯಾವುದಾದ್ರೂ ಮಗು ಕೇಳಿದ್ರೆ ಖುಷಿ ಪಡ್ರಿ. ಬಟ್ಲು ಇಟ್ಟು ತೋರಿಸ್ರಿ. ನೂರರ ಬಟ್ಲಿನಾಗೆ ಒಂದೇ ಬೀಜ, ಪಕ್ಕದ ಎರಡೂ ಖಾಲಿ: ನೂರು. ಅದನ್ನ ಬಿಟ್ಟು ಹತ್ತು, ಬಿಡಿ ಎರಡರಾಗೂ ಒಂಬತ್ತೊಂಬತ್ತು ತುಂಬಿಸ್ರಿ: ತೊಂಬತ್ತೊಂಬತ್ತು. ಹದಿನೆಂಟು ಬೀಜ ಸೇರಿದ್ರೂ ಎಡಗಡೆಯ ಒಂದು ಬೀಜಕ್ಕೆ ಸಾಟಿ ಆಗಲಿಲ್ಲ. ಅಷ್ಟೇ ಕಾರಣ. ಲಕ್ಷಕ್ಕೂ ಇದೇ, ಕೋಟಿಗೂ ಇದೇ.

ಸಣ್ಣ ಕ್ಲಾಸಿನವರಿಗೆ ಇಸವಿ ಕೊಡ್ರಿ. ಹರಿಹರದ ಹರಿಹರೇಶ್ವರ ದೇವಸ್ಥಾನ ಕಟ್ಟಿಸಿದ್ದು 1224. ದಾವಣಗೆರೆ ಜಿಲ್ಲೆ ಆಗಿದ್ದು 1997. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದು 1973. ಮಗು ಹುಟ್ಟಿದ ಇಸವಿ, ಅಜ್ಜಿ ಹುಟ್ಟಿದ ಇಸವಿ. ಏರಿಕೆ ಕ್ರಮದಾಗೆ ಜೋಡಿಸಿದ್ರೆ ಅದೇ ಒಂದು ಕಥೆ ಆಗ್ತೈತೆ, ಅಜ್ಜಿ ಹೇಳ್ತಾ ಕುಂದ್ರಬಹುದು.

ಇನ್ನು ಅಲ್ಪವಿರಾಮದ ಗೊಂದಲ. ನಮ್ಮ ಪದ್ಧತಿಯಾಗೆ ಬಲಗಡೆಯಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು: 19,45,497. ಹತ್ತೊಂಬತ್ತು ಲಕ್ಷದ ನಲವತ್ತೈದು ಸಾವಿರದ ನಾಲ್ಕುನೂರಾ ತೊಂಬತ್ತೇಳು. ಹೊರದೇಶದ ಪದ್ಧತಿಯಾಗೆ ಮೂರುಮೂರು: 1,945,497, ಮಿಲಿಯನ್ ಲೆಕ್ಕ. ಅಂಕಿಗಳು ಅವೇ, ಜಾಗಗಳೂ ಅವೇ, ಗುಂಪು ಕಟ್ಟೋದು ಮಾತ್ರ ಬೇರೆ. ಮೊದಲು ಒಂದು ಗಟ್ಟಿ ಆಗ್ಲಿ, ಆಮೇಲೆ ಇನ್ನೊಂದು. ಹತ್ತು ಲಕ್ಷ ಅಂದ್ರೆ ಒಂದು ಮಿಲಿಯನ್ ಅನ್ನೋದೊಂದು ನೆನಪಿದ್ರೆ ಸಾಕು.

ಕೋಟಿ ಆದ ಮೇಲೆ ಏನು ಅಂತ ಮಕ್ಕಳು ಕೇಳೇ ಕೇಳ್ತಾವೆ. ಆಗ ಮಹಾವೀರಾಚಾರ್ಯರ ವಿಷಯ ಹೇಳ್ರಿ. 9ನೇ ಶತಮಾನದಾಗೆ, ಅಮೋಘವರ್ಷ ನೃಪತುಂಗನ ಕಾಲದಾಗೆ, ನಮ್ಮ ನಾಡಿನಾಗೇ ಇದ್ದೋರು. ಅವರ ಗಣಿತಸಾರಸಂಗ್ರಹದಾಗೆ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಅದಾವೆ. ಒಂದರ ಮುಂದೆ 23 ಸೊನ್ನೆ ಬರೆದು ತೋರಿಸ್ರಿ. "ಮಹಾಕ್ಷೋಭ" ಅಂತ ಹೇಳ್ತಾ ಓಣಿ ತುಂಬ ಓಡಾಡ್ತಾವೆ.

ಶಾಲೆಯಾಗೂ ಸಾಮಾನು ಇಲ್ಲ ಅಂತಲ್ಲ. ಒಂದರಿಂದ ಮೂರನೇ ಕ್ಲಾಸಿಗೆ ನಲಿ-ಕಲಿ ಐತೆ, ನಾಲ್ಕು, ಐದನೇ ಕ್ಲಾಸಿಗೆ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಐತೆ, ಅದ್ರಾಗೆ ಮಣಿ ಚೌಕಟ್ಟು, ಆಟದ ನೋಟು ಎಲ್ಲಾ ಇರ್ತಾವೆ. ಆದ್ರೆ ಮನ್ಯಾಗೆ ದಿನಾ ಬರೋ ಅಂಕಿಗಳು ಶಾಲೆಯಾಗೆ ಇರಲ್ಲ. ಕರೆಂಟ್ ಬಿಲ್ಲು, ಪಾಸ್‌ಬುಕ್ಕು, ತೂಕದ ಚೀಟಿ ಇವೆಲ್ಲ ನಮ್ಮ ಹತ್ರಾನೇ ಇರೋದು.

ಕೊನೇಗೆ ಒಂದು ಐದು ನಿಮಿಷದ ಆಟ, ಮಂಡಕ್ಕಿ ತಿಂತಾ ಆಡಬಹುದು. ಹಳೇ ಮದುವೆ ಕಾರ್ಡು ಕತ್ತರಿಸಿ 4, 0, 7, 2, 9 ಬರೀರಿ. ಐದನ್ನೂ ಬಳಸಿ ಎಲ್ಲಕ್ಕಿಂತ ದೊಡ್ಡ ಐದಂಕಿ ಸಂಖ್ಯೆ ಮಾಡು ಅನ್ರಿ: 97,420. ಸುಲಭ. ಈಗ ಎಲ್ಲಕ್ಕಿಂತ ಸಣ್ಣದು. ತಟ್ಟನೆ 02479 ಇಡ್ತಾವೆ. ಓದು ಅನ್ರಿ. ಎರಡು ಸಾವಿರದ ನಾಲ್ಕುನೂರಾ ಎಪ್ಪತ್ತೊಂಬತ್ತು. ಐದು ಮನೆ ಎಲ್ಲಿ? ಎಡಗಡೆ ತುದಿಗೆ ಕುಂತ ಸೊನ್ನೆಗೆ ಕಾಯೋಕೆ ಏನೂ ಇಲ್ಲ, ಅದರ ಎಡಕ್ಕೆ ಯಾರೂ ಇಲ್ಲವಲ್ಲ. ಆಗ ಮಗು ತಾನೇ 2 ಮುಂದಕ್ಕೆ ತಂದು ಸೊನ್ನೇನ ಎರಡನೇ ಮನೆಗೆ ಕೂರಿಸ್ತೈತೆ: 20,479. ಹೇಳಿಕೊಡದೇ ಅಲ್ಲಿಗೆ ಬಂತು ಅಂದ್ರೆ ಆ ಮಗುವಿಗೆ ಸ್ಥಾನಬೆಲೆ ಬಂತು ಅಂತ ತಿಳ್ಕಳ್ರಿ.

ಆಡಿಸಿ ನೋಡ್ರಿ, ನಿಮ್ಮ ಮನೆ ಮಕ್ಕಳು ಏನಂದ್ವು ಅಂತ ನನಗೂ ಹೇಳ್ರಿ. ಹುಣಸೆಬೀಜ ಕಮ್ಮಿ ಬಿದ್ರೆ ನಮ್ಮ ಮನೆಗೆ ಬರ್ರಿ, ಈ ವರ್ಷದ ಹುಣಸೆಹಣ್ಣು ಬಿಡಿಸಿದ ಬೀಜ ಇನ್ನೂ ಒಂದು ಡಬ್ಬಿ ಐತೆ.